ಚನ್ನವೀರೇಶನ ಡಬಲ್ ಯೆಲ್ಲೋ

ಮೈಸೂರಿನ ರೈಲು ಓಡಿಸುವುದೇ ನನ್ನ ಮೊಮ್ಮಗ ಚನ್ನವೀರೇಶ. ಸರಿ, ಇದರಲ್ಲಿ ಅರ್ಧ ಸುಳ್ಳು. ಓಡಿಸುವವರು ಪೈಲಟ್ಟು, ಇವನು ಅಸಿಸ್ಟೆಂಟು. ಆದರೆ ಸಿಗ್ನಲ್ ಕಂಡ ಕೂಡಲೇ ಇವನು ಕೈ ಎತ್ತಿ ಬಣ್ಣ ಕೂಗಬೇಕು, ಪೈಲಟ್ಟು ಅದನ್ನೇ ತಿರುಗಿ ಕೂಗಬೇಕು. ಇವನ ಗಂಟಲಿಗೆ ಹೆದರಿ ಕೆಂಗೇರಿಯ ಕಾಗೆಗಳೆಲ್ಲ ರಾಮನಗರಕ್ಕೆ ಗುಳೆ ಹೋಗಿವೆ.

ಹೆಣ್ಣಿನ ಮನೆಗೆ ಇವನು ಡ್ರೈವರ್ ಅಂತಲೇ ನಾನು ಹೇಳಿಕಳಿಸಿದ್ದೆ. ಹುಡುಗಿ ಮಾನಸಳೂ ರೈಲ್ವೆಯಲ್ಲಿದ್ದಾಳೆ ಎಂದಿದ್ದಳು ಪಕ್ಕದ ಮನೆ ವರಲಕ್ಷ್ಮಿ. ಟಿಕೆಟ್ ಕೌಂಟರ್ ಇರಬೇಕು ಅಂದುಕೊಂಡೆ.

"ಬಾಯಿ ಬಿಡಬೇಡ ಕಣೋ. ಏಳನೇ ಹುಡುಗಿ ಇದು. ಇದೂ ತಪ್ಪಿದ್ರೆ ಇಂಜಿನ್ನಿಗೇ ತಾಳಿ ಕಟ್ಟು" ಎಂದು ಆಟೋ ಹತ್ತುವಾಗಲೇ ಇವನಿಗೆ ಹೇಳಿದೆ. ವರಲಕ್ಷ್ಮಿಯೂ ಜೊತೆಗಿದ್ದಳು.

ನಾಯಂಡಹಳ್ಳಿ ಸಿಗ್ನಲ್ಲಿನಲ್ಲೇ ಇವನ ಕೈ ಮೇಲೆ ಹೋಯಿತು. "ರೆಡ್."

"ನಂಗೂ ಕಣ್ಣಿದೆ ಅಣ್ಣ" ಎಂದ ಆಟೋದವನು.

ಶ್ರೀಗಂಧದ ಕಾವಲಿನ ಮನೆ ಮುಂದೆ ಇಳಿದೆವು. ಬಾಲ್ಕನಿಯಲ್ಲಿ ಹುಡುಗಿಯ ಚಿಕ್ಕಮ್ಮ ಹಳದಿ ಸೀರೆಯಲ್ಲಿ, ನೇರ ಅವಳ ಕೆಳಗೆ ಬಾಗಿಲಲ್ಲಿ ತಾಯಿಯೂ ಹಳದಿ ಸೀರೆಯಲ್ಲಿ. ಚನ್ನವೀರೇಶನ ಕೈ ಬಾವುಟದ ಕಂಬದಂತೆ ಎದ್ದಿತು.

"ಡಬಲ್ ಯೆಲ್ಲೋ."

ಇವನು ಗೇಟಿನಲ್ಲೇ ನಿಂತ.

"ಒಳಗೆ ನಡಿಯೋ" ಎಂದು ವರಲಕ್ಷ್ಮಿ ತಿವಿದಳು.

"ಯಾರೂ ತಿರುಗಿ ಹೇಳ್ಲಿಲ್ಲ ಆಂಟಿ. ಎರಡು ಹಳದಿ ಅಂದ್ರೆ ಮುಂದಿನ ಸಿಗ್ನಲ್ಲು ಒಂದೇ ಹಳದಿ, ಅದರಾಚೆ ಕೆಂಪಿರಬಹುದು. ಹುಷಾರಾಗಿ ಹೋಗ್ಬೇಕು."

ಅಷ್ಟರಲ್ಲಿ ಅಡುಗೆಮನೆಯಿಂದ ಹೆಣ್ಣು ದನಿ ಮೊಳಗಿತು. "ಡಬಲ್ ಯೆಲ್ಲೋ."

ಇವನು ಮೆಲ್ಲಗೆ ಒಳಗೆ ಹೋದ. ಮಾನಸ ಕಾಫಿ ತಟ್ಟೆ ಹಿಡಿದು ಬಂದಳು.

"ಡ್ರೈವರ್ ಅಂದಿದ್ರು. ಮೊದಲು ಕೂಗಿ ಕಾಯೋರು ಅಸಿಸ್ಟೆಂಟ್‌ಗಳಲ್ವಾ?"

ಅವಳಪ್ಪ ರುದ್ರಮುನಿಯವರು ನನ್ನನ್ನೇ ನೋಡಿದರು. ನಾನು ಚಾವಣಿಯ ಫ್ಯಾನ್ ನೋಡಿದೆ.

"ಹೌದು, ಅಸಿಸ್ಟೆಂಟೇ" ಎಂದ ಇವನು. "ನಿಮಗೆ ಹೇಗೆ ಗೊತ್ತಾಯ್ತು?"

"ನಾನು ಗೂಡ್ಸ್ ಗಾಡಿ ಪೈಲಟ್. ನಾಲ್ಕು ವರ್ಷದಿಂದ ತಿರುಗಿ ಕೂಗ್ತಾ ಇದೀನಿ." ಅಪ್ಪನ ಕಡೆ ತಿರುಗಿದಳು. "ಸುಳ್ಳು ಹೇಳಿದ್ದು ಅಜ್ಜಿ. ಇವರು ಉತ್ತರ ಬರದೆ ಹೆಜ್ಜೆ ಇಡಲಿಲ್ಲ. ನಂಗೆ ಒಪ್ಪಿಗೆ."

ಇಡೀ ಬೆಂಗಳೂರಲ್ಲಿ ಇಂಥ ಜೋಡಿ ಇನ್ನೊಂದಿದ್ದರೆ ತೋರಿಸಿ. ಈಗ ನಮ್ಮ ಮನೆಯಲ್ಲಿ ಒಲೆ ಮೇಲಿನ ಹಾಲು ಮೇಲೆದ್ದರೆ ಸಾಕು, ಹಾಲಿನಿಂದ ಕಣ್ಣು ತೆಗೆಯದೆ ಮೊಮ್ಮಗ ಕೈ ಎತ್ತುತ್ತಾನೆ. "ಹಾಲು ಉಕ್ತಾ ಇದೆ."

"ಹಾಲು ಉಕ್ತಾ ಇದೆ" ಎಂದು ಅವಳೂ ಪಕ್ಕದಲ್ಲೇ ನಿಂತು ಕೈ ಎತ್ತುತ್ತಾಳೆ.

ಗ್ಯಾಸ್ ಆರಿಸಲು ಈ ಮುದುಕಿ ನಡುಮನೆಯಿಂದ ಓಡಿ ಬರುವ ಹೊತ್ತಿಗೆ ಪಾತ್ರೆಯಲ್ಲಿ ಎಷ್ಟು ಉಳಿದಿರುತ್ತೆ, ನೀವೇ ಹೇಳಿ.