ಧೂಳಪ್ಪನ ನಗೆ ಮತ್ತು ಕರಡಿಯ ಕ್ಷೌರದಂಗಡಿ

“ನಾಳಿಂದ ಈ ಮನ್ಯಾಗ ಚಾ ಬಂದ್. ಮುಂಜಾನೆದ್ದು ಕಾಫಿ ಕುಡಕೋತ ನಾ ಕಂಪ್ಯೂಟರಿನ್ಯಾಗ ಕಾರ್ಟೂನ್ ಓದಾವ.”

ಎರಡು ಸಾವಿರದ ನಾಲ್ಕನೆಯ ಇಸವಿಯಲ್ಲಿ, ಇಂಡಿ ಊರಿನ ಕಾಲುವೆ ಕಚೇರಿಯ ಹೆಡ್ ಕ್ಲರ್ಕ್ ಧೂಳಪ್ಪ ಹೀಗೆ ಘೋಷಿಸಿದಾಗ ಹೆಂಡತಿ ಸಾತವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ಕಾರ್ಟೂನು ಪೇಪರಿನ್ಯಾಗೂ ಬರತಾವಲ್ರಿ.”

“ಪೇಪರ್ ಬರೂದು ಬಿಸಲೇರಿದ ಮ್ಯಾಲಿನ ಬಸ್ಸಿಗೆ. ಅಷ್ಟೊತ್ತಿಗೆ ಅಮೇರಿಕಾದವ್ರು ನಕ್ಕು ಮಲಗಿರ್ತಾರ.”

ಆಲಮಟ್ಟಿಗೆ ಮೀಟಿಂಗಿಗೆ ಹೋದಾಗ ಅಲ್ಲಿನ ಸಾಹೇಬರೊಬ್ಬರು ಕಾಫಿ ಹೀರುತ್ತ, ಕಂಪ್ಯೂಟರ್ ನೋಡಿ ನಗುವುದನ್ನು ಅವನು ಕಣ್ಣಾರೆ ಕಂಡು ಬಂದಿದ್ದ. ಇನ್ನೊಂದು ಕಾರಣವೂ ಇತ್ತು. ಪಕ್ಕದ ಮನೆಯ ರೇವಪ್ಪ ಹೊಸ ಮೋಟರ್ ಸೈಕಲ್ ಕೊಂಡು, ದಿನಾ ಬೆಳಿಗ್ಗೆ ಎಲ್ಲಿಗೂ ಹೋಗದಿದ್ದರೂ ಅದನ್ನು ಚಾಲೂ ಮಾಡಿ ಗುರುಗುಟ್ಟಿಸುತ್ತಿದ್ದ. ಆ ಗುರುಗುಟ್ಟುವಿಕೆಗೆ ತಕ್ಕ ಉತ್ತರ ಕೊಡಬೇಕಿತ್ತು. ಗಾಡಿ ಬಂದಾಗಿನಿಂದ ಇಬ್ಬರ ನಡುವೆ ಮಾತೂ ಕಡಿಮೆಯಾಗಿತ್ತು.

ಮನೆಗೆ ಕಂಪ್ಯೂಟರ್ ಬಂತು, ವ್ರತ ಶುರುವಾಯಿತು. ಫೋನಿನ ತಂತಿ ಸಿಕ್ಕಿಸಿದರೆ ಇಂಟರ್ನೆಟ್ಟಿನ ಡಬ್ಬಿ ಕಿರ್ರೆಂದು ಅರಚಾಡಿ, ಆಮೇಲೆ ಚಿತ್ರ ಮೇಲಿನಿಂದ ಎಳೆ ಎಳೆಯಾಗಿ ಇಳಿಯುತ್ತಿತ್ತು. ಮೊದಲು ಟೊಪ್ಪಿಗೆ, ಆಮೇಲೆ ಹಣೆ, ಆಮೇಲೆ ಮೂಗು. ನಗೆಯ ಮಾತು ಎಲ್ಲಕ್ಕಿಂತ ಕೆಳಗೆ. ಅದು ಬರುವಷ್ಟರಲ್ಲಿ ಕಾಫಿಗೆ ಕೆನೆ ಕಟ್ಟಿರುತ್ತಿತ್ತು. ಜಗಳಗಂಟ ಕಪ್ಪೆ ದಂಪತಿಗಳ ಚಿತ್ರವೂ ಅವನಿಗೆ ಇಷ್ಟವೇ, ಆದರೆ ಕ್ಷೌರದಂಗಡಿ ಇಟ್ಟ ಕರಡಿಯೆಂದರೆ ಪಂಚಪ್ರಾಣ.

ತೊಡಕು ಒಂದೇ. ಧೂಳಪ್ಪನ ಇಂಗ್ಲಿಷು ಕಚೇರಿಯ ಇಂಗ್ಲಿಷು. “ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ” ಎಂಬಲ್ಲಿಗೆ ಅದರ ಸರಹದ್ದು ಮುಗಿಯುತ್ತಿತ್ತು. ಕರಡಿ ಹಾಗೆ ಮಾತಾಡುತ್ತಿರಲಿಲ್ಲ.

ಹಾಗಂತ ನಗದೆ ಇರಲಾದೀತೆ? ಚಿತ್ರ ಪೂರ್ತಿ ಇಳಿದದ್ದೇ ಧೂಳಪ್ಪ ಕುರ್ಚಿ ಹಿಂದಕ್ಕೆ ಸರಿಸಿ, ರೇವಪ್ಪನ ಮನೆಯ ಗೋಡೆಯ ಕಡೆ ಮುಖ ಮಾಡಿ, ಹೊಟ್ಟೆಯ ಬುಡದಿಂದ ಗಹಗಹಿಸುತ್ತಿದ್ದ.

“ಅಂಥಾದ್ದೇನೈತ್ರಿ ಅದರಾಗ? ನನಗೂ ಹೇಳ್ರಿ” ಎಂದಳು ಸಾತವ್ವ ಒಮ್ಮೆ.

“ಬಿಡಿಸಿ ಹೇಳಿದ್ರ ಅದರ ಮಜಾ ಹೋಗತೈತಿ.”

“ಹಂಗಾರ ಗ್ವಾಡಿಗ್ಯಾಕ ಹೇಳ್ತೀರಿ?”

ಧೂಳಪ್ಪ ಕಾಫಿಯ ಕೆನೆಯನ್ನು ಬೆರಳಲ್ಲಿ ತೆಗೆದು ಬಸಿಯ ಅಂಚಿಗೆ ಹಚ್ಚಿದ.

ಒಂದು ದಿನ ಬೆಳಿಗ್ಗೆ ಪವಾಡ ನಡೆಯಿತು. ಕರಡಿಯ ಚಿತ್ರ ಇಳಿಯಿತು, ಕೆಳಗಿನ ಮಾತು ಬಂತು, ಧೂಳಪ್ಪ ತುಟಿ ಅಲ್ಲಾಡಿಸುತ್ತ ಓದಿದ. ತಿಳಿಯಿತು! ಹುಟ್ಟಿದಾಗಿನಿಂದ ಮೊದಲ ಬಾರಿಗೆ ಒಂದು ಇಂಗ್ಲಿಷ್ ಚೇಷ್ಟೆ ಅವನಿಗೆ ತಾನಾಗಿಯೇ ತಿಳಿಯಿತು. ಅವನು ಗೋಡೆಯನ್ನು ಮರೆತು ನಕ್ಕ. ಮೇಜು ಬಡಿದು ನಕ್ಕ, ಕಾಫಿ ಚೆಲ್ಲಿ ನಕ್ಕ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕ.

ಗೋಡೆಯಾಚೆಯಿಂದ ಹೆಂಗಸರು ಗೊಳೋ ಎಂದು ಅಳುವ ಸದ್ದು ಬಂತು.

ಸಾತವ್ವ ಓಡಿ ಬಂದಳು. “ಬಾಯಿ ಮುಚ್ರಿ. ರೇವಪ್ಪಣ್ಣಾರ ಅವ್ವ ಹೋಗ್ಯಾಳ.”

ಧೂಳಪ್ಪ ನಗೆಯನ್ನು ಕೆಮ್ಮಾಗಿ ತಿರುಗಿಸಲು ನೋಡಿದ. ಅಷ್ಟು ನಗೆಗೆ ಸಾಲುವಷ್ಟು ಕೆಮ್ಮು ಯಾವ ಮನುಷ್ಯನಲ್ಲೂ ಇರುವುದಿಲ್ಲ. ಓಣಿಯಲ್ಲಿ ಹೆಣ ಇರುವಾಗ ಅಕ್ಕಪಕ್ಕದವರು ಒಲೆ ಸಹ ಹೊತ್ತಿಸುವುದಿಲ್ಲ. ಇವನು ಕೇಕೆ ಹಾಕಿ ನಕ್ಕಿದ್ದ. ರೇವಪ್ಪನ ತಾಯಿ ಸಿದ್ದಲಿಂಗವ್ವ ಆಯಿ ಅವನನ್ನು ಎಂದೂ ಹೆಸರು ಹಿಡಿದು ಬೈದವಳಲ್ಲ. ಅವಳ ಮಗನಿಗೆ ಇನ್ನು ಯಾವ ಮುಖ ತೋರಿಸುವುದು?

“ನನಗ ಜ್ವರ ಬಂದಾವಂತ ಹೇಳಿಬಿಡು.”

“ಜ್ವರ ಬಂದಾವ್ರು ಹಂಗ ನಗತಾರೇನ್ರಿ? ನಕ್ಕಾವ್ರು ನೀವು, ಮುಖಾ ತೋರ್ಸಾವ್ರೂ ನೀವ. ನಡೀರಿ.”

ಆಯಿಯ ಹಣೆಗೆ ವಿಭೂತಿ ಧರಿಸಿ, ಹೂವಿನ ಹಾರ ಹಾಕಿ, ಗೋಡೆಗೆ ಒರಗಿಸಿ ಕೂಡಿಸಿದ್ದರು. ಭಜನೆಯವರು ತಾಳ ಹಾಕುತ್ತಿದ್ದರು. ಧೂಳಪ್ಪ ಬಾಗಿಲ ಸಂದಿಯಲ್ಲಿ ಮುದುಡಿ ಕುಳಿತ. ರೇವಪ್ಪ ನೋಡಿದ, ಎದ್ದ, ನೆಟ್ಟಗೆ ಅವನ ಬಳಿಗೇ ಬಂದ. ತಾಳ ನಿಂತಿತು. ಕಪಾಳಕ್ಕೆ ಬೀಳುತ್ತದೆಂದೇ ತಿಳಿದು ಧೂಳಪ್ಪ ಕಣ್ಣು ಮುಚ್ಚಿದ.

“ಧೂಳಪ್ಪಣ್ಣ, ನಮ್ಮವ್ವ ದಿನಾ ನಿಮ್ಮ ನಗಿ ಕೇಳಿನ ಏಳತಿದ್ಲು. ‘ಧೂಳಪ್ಪ ನಕ್ಕ, ಚಾ ಇಡ್ರಿ’ ಅಂತಿದ್ಲು. ಇವತ್ತ ನೀವು ಅಷ್ಟೊತ್ತು ನಕ್ರಿ, ಆಕಿ ಏಳಲಿಲ್ಲ. ಯಾಕಂತ ಹೋಗಿ ನೋಡಿದ್ರ...” ರೇವಪ್ಪ ಅವ್ವನ ಕಡೆ ತಿರುಗಿ ನೋಡಿದ. “‘ಏನ್ ಕಂಡು ನಕ್ಕ ಕೇಳ್ಕೊಂಡು ಬಾ’ ಅಂತ ದಿನಾ ನನ್ನ ಬೆನ್ನ ಹತ್ತತಿದ್ಲು. ನಾ ಸೊಕ್ಕಿಲೆ ಬರಲಿಲ್ಲ. ಇವತ್ತರ ಹೇಳ್ರಿ. ಆಕೀನ ಎತ್ತೂದಕ್ಕಿಂತ ಮೊದ್ಲ ಕೇಳ್ಕೊಂಡು ಹೋಗ್ಲಿ.”

ಬೇರೆ ಯಾವ ದಿನವಾಗಿದ್ದರೂ ಧೂಳಪ್ಪನ ಬಾಯಿ ಕಟ್ಟಿಹೋಗುತ್ತಿತ್ತು. ಇವತ್ತು ಅವನ ಬಳಿ ತಿಳಿದ ಚೇಷ್ಟೆ ಒಂದು ಇತ್ತು. ಅವನು ಆಯಿಯ ಎದುರು ಕುಕ್ಕರಗಾಲಲ್ಲಿ ಕುಳಿತು, ಕೈಮುಗಿದು, ಹೇಳತೊಡಗಿದ.

“ಆಯಿ, ಕರಡಿ ಒಂದು ಕ್ಷೌರದಂಗಡಿ ಇಟ್ಟೈತಿ. ಅಲ್ಲಿಗೆ ಮುದಿ ಸಿಂಹ ಬಂತು, ಸ್ವಲ್ಪ ತುದಿ ಕತ್ತರಿಸಪಾ ಅಂತು. ಕರಡಿ ತೂಕಡಸಕೋತ ಪೂರಾ ಬೋಳಸಿಬಿಡ್ತು. ಸಿಂಹ ಕನ್ನಡಿ ನೋಡಿ, ನಿನ್ನ ಕೊಂದಬಿಡ್ತೇನಿ ಅಂತು. ಕರಡಿ ಅಂತು: ‘ಸಿಟ್ಟಾಗಬ್ಯಾಡ್ರಿ ಮಹಾರಾಜ್ರ, ಇನ್ನ ಮ್ಯಾಲ ನಿಮ್ಮನ್ನ ಮನಿಯಾವ್ರು ಗುರುತ ಹಿಡಿಯೂದಿಲ್ಲ.’ ಸಿಂಹ ಖುಷಿಯಾಗಿ ಕರಡಿ ಕಾಲಿಗಿ ಬಿತ್ತು.”

ಆಯಿಯ ತಂಗಿ ರುಕ್ಮವ್ವ ಸೆರಗು ಬಾಯಿಗೆ ಒತ್ತಿಕೊಂಡಳು, ತಡೆಯಲಾಗದೆ ನಕ್ಕಳು. ಭಜನೆಯವರು ನಕ್ಕರು. ರೇವಪ್ಪ ಅಳುತ್ತಲೇ ನಕ್ಕ.

“ಇನ್ನೊಂದು ಹೇಳ್ರಿ ಅಣ್ಣ. ಅವ್ವ ಎಷ್ಟು ದಿನಾ ಕೇಳ್ಯಾಳ.”

ಧೂಳಪ್ಪ ಆಯಿಯ ಮುಖ ನೋಡಿದ. ಅವಳ ಮುಂದೆ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

“ಇನ್ನೊಂದಿಲ್ಲೋ ರೇವಪ್ಪಾ. ನನಗ ತಿಳಿದದ್ದು ಇದೊಂದ. ಉಳಿದಾವ್ಕೆಲ್ಲಾ ಸುಮ್ನ ನಕ್ಕೇನಿ. ನಿನ್ನ ಗಾಡಿಗಿ ಕೇಳ್ಲಿ ಅಂತ.”

ಈ ಸಲ ಯಾರೂ ನಗಲಿಲ್ಲ. ರುಕ್ಮವ್ವ ಕಣ್ಣೊರೆಸಿಕೊಂಡಳು.

“ಅಕ್ಕಗ ಗೊತ್ತಿತ್ತಪಾ. ‘ಧೂಳಪ್ಪಗ ಏನೂ ತಿಳಿಯೂದಿಲ್ಲ, ತಿಳಿದಾವ ಅಷ್ಟು ಜೋರ ನಗೂದಿಲ್ಲ’ ಅಂತಿದ್ಲು. ಕೇಳಾಕ ಕಳಸೂದೂ ಅದಕ್ಕ, ಏನ್ ಹೇಳ್ತಾನ ನೋಡೂಣು ಅಂತ.”

ಹೆಂಗಸರ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದ ಸಾತವ್ವ ಮೆಲ್ಲಗೆ ಹೇಳಿದಳು:

“ನಾನೂ ಅದಕ್ಕ ಕೇಳತಿದ್ದೆ.”