ಬಲಗಡೆ ಬಿದ್ದ ಹೂವು

ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ಗುಮಾಸ್ತನಾಗಿದ್ದ ಓಂಕಾರಮೂರ್ತಿಗೆ ಈ ಲೋಕದಲ್ಲಿ ಉಳಿದಿದ್ದದ್ದು ಒಂದೇ ಆಸೆ. ಮಠದಲ್ಲಿ ಸಂಜೆ ನಡೆಯುವ ಶ್ರಾವಣದ ಪುರಾಣವನ್ನು ಕಂಬಕ್ಕೊರಗಿ, ಕಣ್ಣು ಮುಚ್ಚಿ, ಮೊದಲಿನಿಂದ ಕೊನೆಯ ತನಕ ಕೇಳಬೇಕು. ಆದರೆ ಮಠದಲ್ಲಿ ಗಂಟೆ ಬಾರಿಸುವ ಹೊತ್ತಿಗೇ ಮಿಲ್ಲಿನ ಬಾಗಿಲಿಗೆ ಲಾರಿ ಬಂದು ನಿಲ್ಲುತ್ತಿತ್ತು. ಎಣ್ಣೆ ಡಬ್ಬಗಳು ಲಾರಿ ಹತ್ತಿ, ಹಗ್ಗ ಬಿಗಿದು, ಡ್ರೈವರ್ ಬೀಡಿ ಸೇದಿ ಮುಗಿಸಿ ಹೊರಡುವಷ್ಟರಲ್ಲಿ ಅಲ್ಲಿ ಮಂಗಳಾರತಿಯಾಗಿ, ಜಮಖಾನೆಯನ್ನೂ ಮಡಿಚಿಟ್ಟಿರುತ್ತಿದ್ದರು. ಹೀಗೆ ಎಷ್ಟೋ ಶ್ರಾವಣಗಳು ಎಣ್ಣೆಯ ಜಿಡ್ಡಿನ ಮೇಲೆ ಕಾಲಿಟ್ಟಂತೆ ಜಾರಿಹೋಗಿದ್ದವು.

ಈ ಸಲ ಶ್ರಾವಣ ಶುರುವಾಗುವ ಹಿಂದಿನ ದಿನ ಧೈರ್ಯ ಮಾಡಿ ಸಾಹುಕಾರ್ ಮರುಳಪ್ಪನವರ ಮುಂದೆ ನಿಂತ.

“ಸಾವ್ಕಾರ್ರೇ, ಸಂಜೆ ಲೋಡು ನೋಡ್ಕಳಾಕೆ ಒಬ್ಬ ಹುಡುಗನ್ನ ಇಟ್ಕಂಡ್ರೆ… ನಾನು ಒಂದೀಟು ಪುರಾಣ ಕೇಳ್ತಿದ್ದೆ.”

ಮರುಳಪ್ಪನವರು ಕಡಲೆಕಾಯಿ ಸುಲಿದು ಬಾಯಿಗೆ ಎಸೆದುಕೊಂಡರು. “ಇಟ್ಕಳಾನ. ಓದಿರ್ಬೇಕು, ನಂಬಿಕಸ್ತ ಆಗಿರ್ಬೇಕು. ನಾಳೆ ಸಂಜೆ ಲಾರಿ ಬರೋದ್ರೊಳಗೆ ತಂದು ನಿಲ್ಸು. ಇಲ್ಲಾಂದ್ರೆ ದೀಪಾವಳಿ ತಂಕ ಈ ಮಾತು ಎತ್ತಬ್ಯಾಡ.”

ಹುಡುಗನೇನೋ ಓಂಕಾರಮೂರ್ತಿಯ ಮನಸ್ಸಿನಲ್ಲಿ ಆಗಲೇ ಇದ್ದ. ಮೊಳಕಾಲ್ಮೂರು ತಾಲ್ಲೂಕಿನ ಕೊಂಡ್ಲಹಳ್ಳಿಯ ರೈತ ಚಿಕ್ಕೀರಪ್ಪ ಮಿಲ್ಲಿಗೆ ಕಡಲೆಕಾಯಿ ತಂದಾಗಲೆಲ್ಲ, “ನಮ್ಮ ಪಾಲಯ್ಯ ಬಿ.ಕಾಂ. ಮಾಡ್ಕಂಡು ಮನ್ಯಾಗೆ ಕುಂತವ್ನೆ, ಏನಾರ ನೋಡ್ರಿ ಸಾಮಿ” ಎಂದು ಕೈ ಮುಗಿಯುತ್ತಿದ್ದ. ಓಂಕಾರಮೂರ್ತಿ ಅಂದೇ ಎಸ್.ಟಿ.ಡಿ. ಬೂತಿನಿಂದ ಆ ಊರಿನ ಅಂಗಡಿಗೆ ಫೋನು ಮಾಡಿ ವಿಷಯ ತಿಳಿಸಿದ. ಸ್ವಲ್ಪ ಹೊತ್ತಿಗೆ ಚಿಕ್ಕೀರಪ್ಪನ ದನಿ ಕೇಳಿಸಿತು: “ಊರಮ್ಮನ ಹತ್ರ ಹೂ ಕೇಳಿ ಕಳಿಸ್ತೀವಿ ಸಾಮಿ. ಅಮ್ಮ ಬಲಗಡೆ ಕೊಟ್ರೆ ಆಯ್ತು. ನೀವೂ ಬರ್ರಿ, ದೊಡ್ಡೋರು ಮುಂದಿದ್ರೆ ಒಳ್ಳೇದು.”

ಇಷ್ಟನ್ನು ಮನೆಯಲ್ಲಿ ಹೆಂಡತಿ ಸುಲೋಚನಮ್ಮನಿಗೆ ಹೇಳಿದ್ದೇ ತಪ್ಪಾಯಿತು. ಬೆಳಗಾಗುವಷ್ಟರಲ್ಲಿ ಪಕ್ಕದ ಮನೆಯ ತಿಪ್ಪೇರುದ್ರಮ್ಮ ಬಾಗಿಲಲ್ಲಿ ನಿಂತಿದ್ದಳು.

“ಅಲ್ಲಪ್ಪ, ನಮ್ಮಕ್ಕನ ಮಗ ಮುರುಗೇಶ ಕಣ್ಣೆದ್ರಿಗೇ ಇರೋವಾಗ ಕೊಂಡ್ಲಹಳ್ಳಿ ತಂಕ ಹೋಗ್ತೀಯಾ?”

ಮುರುಗೇಶ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿ, ಮಧ್ಯಾಹ್ನದ ಹೊತ್ತಿಗೆ ಜಮಖಾನೆಗಳ ಅಟ್ಟಿಯ ಮೇಲೆ ಗೊರಕೆ ಹೊಡೆದು, ಅಂದೇ ಸಂಜೆಗೆ ಕೆಲಸ ಕಳೆದುಕೊಂಡು ಮನೆಗೆ ಬಂದವನು. ಅದನ್ನು ಬಾಯಿ ಬಿಟ್ಟು ಹೇಳಲು ಓಂಕಾರಮೂರ್ತಿಗೆ ಬರಲಿಲ್ಲ. “ಮಾತು ಕೊಟ್ಟುಬಿಟ್ಟಿದೀನಿ ಅಕ್ಕ. ಅಲ್ಲಿ ಅಮ್ಮ ಎಡಗಡೆ ಕೊಟ್ರೆ ಮುರುಗೇಶನ್ನ ನೋಡಾನ” ಎಂದು ಸಮಾಧಾನ ಹೇಳಿದ.

“ಹಂಗಾದ್ರೆ ನಾನೂ ಬರ್ತೀನಿ” ಎಂದಳು ಅವಳು. “ದ್ಯಾವ್ರ ದರ್ಶನ ಆದಂಗಾತು.”

ಮೊಳಕಾಲ್ಮೂರಿನ ಬಸ್ಸಿನಲ್ಲಿ ಓಂಕಾರಮೂರ್ತಿ ದಾರಿಯುದ್ದಕ್ಕೂ ನಿಂತೇ ಹೋದ. ಸಿಕ್ಕ ಒಂದು ಸೀಟಿನಲ್ಲಿ ತಿಪ್ಪೇರುದ್ರಮ್ಮ ಕೂತು, ಮುರುಗೇಶನ ಗುಣಗಳನ್ನು ಬಸ್ಸಿಗೆಲ್ಲ ಕೇಳುವಂತೆ ಬಣ್ಣಿಸುತ್ತಿದ್ದಳು.

ಕೊಂಡ್ಲಹಳ್ಳಿಯ ಊರಮ್ಮನ ಗುಡಿಯಲ್ಲಿ ಆಗಲೇ ಅರ್ಧ ಊರು ಸೇರಿತ್ತು. ಪಾಲಯ್ಯ ಸ್ನಾನ ಮಾಡಿ, ಹಣೆ ತುಂಬ ಭಂಡಾರ ಬಳಿದುಕೊಂಡು, ಮದುವಣಿಗನಂತೆ ತಲೆ ತಗ್ಗಿಸಿ ನಿಂತಿದ್ದ. ಅವನವ್ವ ಕಾಟಮ್ಮ ಸೆರಗಿನ ತುದಿ ಕಚ್ಚಿಕೊಂಡಿದ್ದಳು. ಪೂಜಾರಿ ಯತ್ತಪ್ಪ ಕಣಗಲೆ ಹೂಗಳನ್ನು ನೀರಿನಲ್ಲಿ ಅದ್ದಿ ಅಮ್ಮನ ಎರಡು ಭುಜಕ್ಕೂ ಅಂಟಿಸಿದ.

“ತಾಯಿ, ಈ ನಿನ್ನ ಕಂದ ಎಣ್ಣೆ ಮಿಲ್ಲಿನ ಕೆಲ್ಸಕ್ಕೆ ಹೋಗ್ಬೌದಾ? ಹೌದಾದ್ರೆ ಬಲಗಡೆ ಕೊಡು, ಬ್ಯಾಡಾಂದ್ರೆ ಎಡಗಡೆ ಕೊಡು.”

ಚಿಕ್ಕೀರಪ್ಪ ಬಲಗಡೆಯ ಹೂವನ್ನೇ ನೋಡುತ್ತಿದ್ದ. ತಿಪ್ಪೇರುದ್ರಮ್ಮ ಎಡಗಡೆಯ ಹೂವನ್ನು ಕಣ್ಣಿನಲ್ಲೇ ಹಗ್ಗ ಹಾಕಿ ಎಳೆಯುತ್ತಿದ್ದಳು. ಅಮ್ಮ ಮಾತ್ರ ಯಾರ ಅವಸರಕ್ಕೂ ಕಿವಿಗೊಡಲಿಲ್ಲ. ಹೂಗಳು ಗಾರೆಯಲ್ಲಿ ಕಟ್ಟಿದ ಕಲ್ಲಿನಂತೆ ಕೂತಿದ್ದವು.

ಬಹಳ ಹೊತ್ತಿಗೆ ಬಲಗಡೆಯ ಹೂವು ಮೆಲ್ಲಗೆ ಅಲುಗಿತು. ಅದೇ ಗಳಿಗೆಯಲ್ಲಿ ಊದುಬತ್ತಿಯ ಹೊಗೆ ಓಂಕಾರಮೂರ್ತಿಯ ಮೂಗಿಗೆ ಹೊಕ್ಕಿತು.

“ಆಕ್ಷಿ!”

ಗುಡಿಯೆಲ್ಲ ಅವನ ಕಡೆ ತಿರುಗಿತು.

“ಒಂಟಿ ಸೀನು!” ಎಂದಳು ತಿಪ್ಪೇರುದ್ರಮ್ಮ, ಮುಖದಲ್ಲಿ ಸಂತೋಷ ತಡೆಯಲಾರದೆ.

“ಉಂಡಂಡಿ ಸಾಮೀ, ತಡೀರಿ” ಎಂದು ಯತ್ತಪ್ಪ ತೆಲುಗು ಬೆರೆಸಿ ಕೂಗಿ ಹೂಗಳನ್ನು ತೆಗೆದುಬಿಟ್ಟ. “ಅಪಶಕುನ ಆತು. ಇನ್ನೊಂದು ಸೀನ್ರಿ, ಜೋಡಿ ಆದ್ರೆ ದೋಸ ಇಲ್ಲ.”

ಬೇಕೆಂದಾಗ ಸೀನು ಬರುತ್ತದೆಯೇ? ಊರವರು ಬಿಡಲಿಲ್ಲ. ಒಬ್ಬ ಸೂರ್ಯನನ್ನು ನೋಡೆಂದ. ಒಬ್ಬ ನಶ್ಯ ಹಿಡಿದ. ಇನ್ನೊಬ್ಬ ಪಂಚೆಯ ಎಳೆ ಕಿತ್ತು ತಾನೇ ಅವನ ಮೂಗಿಗೆ ತೂರಿಸಲು ಬಂದ. ಕಣ್ಣು ಮೂಗೆಲ್ಲ ಸೋರಿ, ಓಂಕಾರಮೂರ್ತಿ ಉರಿಯುವ ಒಲೆಗೆ ನೀರು ಹೊಯ್ದಂತೆ ಬುಸುಗುಟ್ಟಿದನೇ ಹೊರತು ಸೀನು ಬರಲಿಲ್ಲ. ಕಡೆಗೆ ಯತ್ತಪ್ಪ ಬಾವಿಯ ನೀರು ತರಿಸಿ, ಗರ್ಭಗುಡಿ ತೊಳೆದು, ಹೊಸ ಹೂ ಕೊಯ್ಯಿಸಿ ಮತ್ತೆ ಮೊದಲಿನಿಂದ ಶುರು ಮಾಡಿದ.

ಮಧ್ಯಾಹ್ನ ಕಳೆಯಿತು. ಚಳ್ಳಕೆರೆಯ ಕಡೆ ಹೋಗುವ ಬಸ್ಸೊಂದು ಊರ ಮುಂದೆ ಹಾರ್ನು ಹೊಡೆದು ಹೋಯಿತು. ಇನ್ನೊಂದು ತಪ್ಪಿದರೆ ಲಾರಿ ಬರುವ ಹೊತ್ತಿಗೆ ಮಿಲ್ಲು ಮುಟ್ಟುವಂತಿರಲಿಲ್ಲ. ಓಂಕಾರಮೂರ್ತಿ ಕಂಬಕ್ಕೊರಗಿ ಕುಸಿದು ಕೂತ. ‘ಪುರಾಣ ಕೇಳಬೇಕೆಂದದ್ದು ಅಷ್ಟು ದೊಡ್ಡ ಆಸೆಯಾಯಿತೇ ತಾಯಿ’ ಎಂದು ಮನಸ್ಸಿನಲ್ಲೇ ಅಂದುಕೊಂಡ. ಪಕ್ಕದಲ್ಲಿ ಪಾಲಯ್ಯನ ಮುಖವೂ ಬಾಡಿತ್ತು.

“ಸುಮ್ನೆ ಕುಂತ್ರೆ ಹೊತ್ತು ಹೋಗಲ್ಲ” ಎಂದ ಓಂಕಾರಮೂರ್ತಿ. “ಪದ ಗಿದ ಏನಾರ ಬರ್ತೈತೇನಪ್ಪ?”

“ನಮ್ಮ ತಾತ ಷಟ್ಪದಿ ಹೇಳಿಕೊಟ್ಟಿದ್ದ ಸಾರ್. ಒಂದೆರಡು ಬರ್ತಾವೆ.”

“ಹೇಳು ಮತ್ತೆ, ಅಮ್ಮನೂ ಕೇಳ್ಲಿ.”

ಪಾಲಯ್ಯ ಗಂಟಲು ಸರಿಮಾಡಿಕೊಂಡು ಎತ್ತಿದ. ಮೊದಲ ಸಾಲಿಗೇ ಗುಡಿಯಲ್ಲಿದ್ದ ಗುಸುಗುಸು ನಿಂತಿತು. ಒಣಗಿದ ಕೆರೆಗೆ ನೀರು ನುಗ್ಗಿದ ಹಾಗೆ ಆ ದನಿ ಮೂಲೆ ಮೂಲೆಯನ್ನೂ ತುಂಬಿತು. ಓಂಕಾರಮೂರ್ತಿಗೆ ಬಸ್ಸು ಮರೆತುಹೋಯಿತು, ಲಾರಿ ಮರೆತುಹೋಯಿತು, ಉರಿಯುತ್ತಿದ್ದ ಮೂಗೂ ಮರೆತುಹೋಯಿತು. ಕಣ್ಣು ಮುಚ್ಚಿ ತಲೆದೂಗಿದ. ಪದ್ಯ ಐದನೆಯ ಸಾಲು ದಾಟಿ ಆರನೆಯದಕ್ಕೆ ಏರುತ್ತಿದ್ದಂತೆ ಕಾಟಮ್ಮ ಚೀರಿದಳು.

“ಕೊಟ್ಳು! ಬಲಗಡೆ ಕೊಟ್ಳು ನಮ್ಮವ್ವ!”

ಗಂಟೆ, ಜಾಗಟೆ ಒಟ್ಟಿಗೇ ಮೊಳಗಿದವು. ಚಿಕ್ಕೀರಪ್ಪ ಅಡ್ಡ ಬಿದ್ದ. ಬಸ್ಸಿನ ಹಾರ್ನೂ ಕೇಳಿಸಿತು. ಓಂಕಾರಮೂರ್ತಿ ಅಪ್ಪ ಮಗ ಇಬ್ಬರನ್ನೂ ಎರಡು ಕೈಯಲ್ಲಿ ಹಿಡಿದುಕೊಂಡು, ತಿಪ್ಪೇರುದ್ರಮ್ಮನನ್ನು ಹಿಂದೆ ಕಟ್ಟಿಕೊಂಡು ಓಡಿದ.

ಬಸ್ಸಿನಲ್ಲಿ ತಿಪ್ಪೇರುದ್ರಮ್ಮ ಸ್ವಲ್ಪ ದೂರ ಮುಖ ಊದಿಸಿಕೊಂಡು ಕೂತಿದ್ದಳು. ಆಮೇಲೆ ಏನು ಹೊಳೆಯಿತೋ, ಪಕ್ಕದವಳಿಗೆ ಹೇಳತೊಡಗಿದಳು: “ಎಂಥಾ ಕಂಠ ಅಂತೀಯಾ! ಹಾಡಿದ್ದೇ ತಡ, ಅಮ್ಮ ಹೂ ಕೊಟ್ಳು. ಅಂಥೋನ್ನ ತಗಂಡೋಗಿ ಎಣ್ಣೆ ಡಬ್ಬದ ಮುಂದೆ ಕೂರಿಸ್ತಾರಂತೆ ಕಣವ್ವ, ಪಾಪ ಅಲ್ವಾ?” ಬಸ್ಸು ತಳಕು ಊರು ದಾಟುವಷ್ಟರಲ್ಲಿ ಅವಳ ಕತೆಯಲ್ಲಿ ಅಮ್ಮ ಹೂ ಕೊಟ್ಟದ್ದಷ್ಟೇ ಅಲ್ಲ, ಕಣ್ಣನ್ನೂ ಮಿಟುಕಿಸಿದ್ದಳು. ಚಳ್ಳಕೆರೆ ಮುಟ್ಟುವಷ್ಟರಲ್ಲಿ ತಲೆಯನ್ನೂ ಆಡಿಸಿದ್ದಳು.

ಬಸ್ಟ್ಯಾಂಡಿನಲ್ಲಿ ಇಳಿದವನೇ ಓಂಕಾರಮೂರ್ತಿ, ಹಸಿದ ಹುಡುಗನಿಗೂ ಅವನಪ್ಪನಿಗೂ ಮಂಡಕ್ಕಿ ಮೆಣಸಿನಕಾಯಿ ಬೋಂಡ ಕೊಡಿಸಲು ಅಂಗಡಿಗೆ ಕರೆದುಕೊಂಡು ಹೋದ. ತಿಪ್ಪೇರುದ್ರಮ್ಮ ಆಟೋ ಹತ್ತಿ ನೆಟ್ಟಗೆ ಮಿಲ್ಲಿಗೆ ಹೋದಳು.

ಇವರು ಮಿಲ್ಲಿಗೆ ಬಂದಾಗ ಲಾರಿ ಇನ್ನೂ ಬಂದಿರಲಿಲ್ಲ. ಓಂಕಾರಮೂರ್ತಿಯ ಎದೆ ಹಗುರವಾಯಿತು. ಆದರೆ ಎಂದೂ ಯಾರಿಗೂ ಗಾದಿ ಬಿಟ್ಟು ಏಳದ ಮರುಳಪ್ಪನವರು ಎದ್ದು ನಿಂತು ಪಾಲಯ್ಯನಿಗೆ ಕೈ ಮುಗಿದರು.

“ಬಾರಪ್ಪ. ನಿಂದು ಎಂಥಾ ಪುಣ್ಯ! ಮಠದ ಪುರಾಣ ನಡೆಸೋನು ನಾನೇ. ಶಾಸ್ತ್ರಿಗಳು ಅರ್ಥ ಚೆನ್ನಾಗಿ ಹೇಳ್ತಾರೆ, ಪದ್ಯ ಎತ್ತಿದ್ರೆ ಮಾತ್ರ ತೂತು ತಿದಿ ಒತ್ತಿದಂಗಾಗ್ತದೆ. ಇವತ್ತಿಂದ ಪದ್ಯ ನಿಂದು. ಸಂಬಳ ಮಿಲ್ಲಿಂದೇ.”

ಓಂಕಾರಮೂರ್ತಿ ಗಾಬರಿಯಿಂದ ಮುಂದೆ ಬಂದ. “ಸಾವ್ಕಾರ್ರೇ, ಹೂ ಕೇಳಿದ್ದು ಮಿಲ್ಲಿನ ಕೆಲ್ಸಕ್ಕೆ…”

“ಕೇಳಿದ್ದು ನೀವು. ಅಮ್ಮ ಕೊಟ್ಟಿದ್ದು ಯಾವಾಗ? ಮಿಲ್ಲು ಅಂದಾಗ ಕೊಟ್ಳಾ, ಪದ್ಯ ಅಂದಾಗ ಕೊಟ್ಳಾ?”

“ಪದ್ಯ ಅಂದಾಗ” ಎಂದು ಚಿಕ್ಕೀರಪ್ಪ ಭಕ್ತಿಯಿಂದ ಒಪ್ಪಿಕೊಂಡ. “ಸಾವ್ಕಾರ್ರು ಹೇಳೋದು ನ್ಯಾಯವಾಗೇ ಐತೆ ಸಾಮಿ.”

ಓಂಕಾರಮೂರ್ತಿ ದೈವಭಕ್ತ. ಎದುರಾಡುವುದು ಸಾಹುಕಾರರಿಗಾದರೆ ಹೇಗೋ ಆದೀತು, ಊರಮ್ಮನಿಗೆ ಆದೀತೇ? ಮೇಲಾಗಿ ಹಾಡು ಎಂದವನು ತಾನೇ.

“ಹಂಗಾದ್ರೆ ಇಲ್ಲಿ ಕೆಲ್ಸ ಖಾಲಿ ಆತಲ್ರಿ” ಎಂದಳು ಮೂಲೆಯಲ್ಲಿ ಕೂತಿದ್ದ ತಿಪ್ಪೇರುದ್ರಮ್ಮ, ಈ ಗಳಿಗೆಗಾಗಿಯೇ ಕಾದಿದ್ದವಳು. “ನಮ್ಮ ಮುರುಗೇಶ…”

“ಖಾಲಿ ಎಲ್ಲಮ್ಮ? ಇದ್ದಿದ್ದು ಒಂದು ಸಂಬಳ, ಅದು ದೇವ್ರ ಕೆಲ್ಸಕ್ಕೆ ಹೋಯ್ತು. ಲೋಡು ನೋಡಾಕೆ ಓಂಕಾರಮೂರ್ತಿ ಇದಾನಲ್ಲ.” ಮರುಳಪ್ಪನವರು ಗುಮಾಸ್ತನ ಹೆಗಲು ತಟ್ಟಿದರು. “ಬೇಜಾರ್ ಮಾಡ್ಕಬ್ಯಾಡ ಕಣೋ. ಪುರಾಣ ಮುಗಿದ ಮಾರನೇ ದಿನದಿಂದ ಹುಡುಗ ಮಿಲ್ಲಿಗೇ ಬರ್ತಾನೆ. ಆಮೇಲೆ ನೀನು ದಿನಾ ಸಂಜೆ ಆರಾಮಾಗಿ ಮನೆಗೆ ಹೋಗು.”

ಪಾಲಯ್ಯ ಓಂಕಾರಮೂರ್ತಿಯ ಕಾಲಿಗೆ ಬಿದ್ದ. “ನಿಮ್ಮಿಂದ ಬದುಕಿದೆ ಸಾರ್. ಪುರಾಣಕ್ಕೆ ತಪ್ಪದೆ ಬರ್ಬೇಕು.”

ಸಂಜೆಯಾಯಿತು. ಸಾಹುಕಾರರು, ಅಪ್ಪ ಮಗ, ತಿಪ್ಪೇರುದ್ರಮ್ಮ ಎಲ್ಲರೂ ಮಠಕ್ಕೆ ಹೋದರು. ಸುಲೋಚನಮ್ಮನೂ ಅಲ್ಲಿಗೇ ಹೋದಳೆಂದು ಹಮಾಲಿ ಸೂರಪ್ಪ ಸುದ್ದಿ ತಂದ. ಲಾರಿ ಬಂತು. ಮಠದ ಮೈಕು ಊರಿಗೆಲ್ಲ ಕೇಳುವಂತಿದ್ದರೂ ಮಿಲ್ಲಿನ ಯಂತ್ರದ ಸದ್ದಿನಲ್ಲಿ ಓಂಕಾರಮೂರ್ತಿಗೆ ಒಂದು ಅಕ್ಷರವೂ ಕೇಳಿಸಲಿಲ್ಲ. ಗೇಟಿಗೆ ಬಂದು, ಕಿವಿಗೆ ಕೈ ಒಡ್ಡಿ ನಿಂತ. ಬೇಲಿಯಾಚೆ ಜೇನುಹುಳ ಗುಂಯ್‌ಗುಡುವಂತೆ ಏನೋ ಒಂದು ಬಂದು ಹೋಯಿತು.

ಅಷ್ಟರಲ್ಲಿ ಕರೆಂಟು ಹೋಯಿತು.

ಯಂತ್ರ ನರಳುತ್ತ ನರಳುತ್ತ ನಿಂತಿತು. ಊರೆಲ್ಲ ಕತ್ತಲು, ಊರೆಲ್ಲ ನಿಶ್ಶಬ್ದ. ಓಂಕಾರಮೂರ್ತಿಗೆ ಮೈ ಜುಮ್ಮೆಂದಿತು. ತಡವರಿಸಿಕೊಂಡು ಹೋಗಿ ಮಿಲ್ಲಿನ ಕಂಬಕ್ಕೇ ಒರಗಿ ಕೂತು, ಕೈ ಮುಗಿದು, ಕಣ್ಣು ಮುಚ್ಚಿ ಕಾದ.

ಏನೂ ಕೇಳಿಸಲಿಲ್ಲ. ದೂರದಿಂದ ಜನರ ‘ಆಹಾ’ ಎಂಬ ಉದ್ಗಾರವೊಂದು ಮಾತ್ರ ತೇಲಿ ಬಂತು.

“ಮೈಕೂ ಹೋಗೈತೆ ಬುದ್ಧಿ” ಎಂದ ಕತ್ತಲಲ್ಲಿ ಸೂರಪ್ಪ. “ಕರೆಂಟು ಬಂದ್ರೆ ಬರ್ತೈತೆ ತಗಳ್ರಿ.”

“ಆಗ ಮಿಲ್ಲಿನ ಸದ್ದೂ ಬರ್ತೈತಲ್ಲೋ” ಎಂದು ಓಂಕಾರಮೂರ್ತಿ ನಿಟ್ಟುಸಿರಿಟ್ಟು, ಬ್ಯಾಟರಿ ಹಿಡಿದು ಡಬ್ಬಗಳ ಕಡೆ ನಡೆದ.