ಮರುಭೂಮಿಯಲ್ಲಿ ನಲ್ಲಿ ಬಂತು

ಗಾಬರಿಯಾಗಲು ನನಗೆ ದೊಡ್ಡ ಕಾರಣವೇನೂ ಬೇಕಿಲ್ಲ. ಕುಕ್ಕರ್ ಕೂಗಿದರೆ ಎದೆ ಧಸಕ್ಕೆನ್ನುತ್ತದೆ, ಕೂಗದಿದ್ದರೆ ಇನ್ನೂ ಜೋರಾಗಿ ಧಸಕ್ಕೆನ್ನುತ್ತದೆ. ಕಾಲೇಜಿನಲ್ಲಿ ಪಾಠ ಮಾಡುವಾಗ ಹಿಂದಿನ ಬೆಂಚಿನವರು ಗಲಾಟೆ ಮಾಡಿದರೆ ನನಗೇನೂ ಆಗುವುದಿಲ್ಲ; ಅವರು ಸುಮ್ಮನೆ ಕೂತರೆ ಮಾತ್ರ ಕೈಕಾಲು ತಣ್ಣಗಾಗುತ್ತದೆ. ಇಂಥವಳು ಐವತ್ತು ದಾಟಿದ ಮೇಲೆ ಮರುಭೂಮಿಯಲ್ಲಿ ಸೈಕಲ್ ಹೊಡೆಯಲು ಹೊರಟೆನೆಂದರೆ ನಿಮಗೆ ನಂಬಿಕೆ ಬರಲಿಕ್ಕಿಲ್ಲ. ನನಗೂ ಬಂದಿರಲಿಲ್ಲ.

ಇದಕ್ಕೆಲ್ಲ ಸರೋಜಕ್ಕನೇ ಮೂಲ. ಕೋಲಾರದಲ್ಲಿ ಬೆಳಿಗ್ಗೆ ವಾಕಿಂಗ್ ಹೋಗುವ ನಮ್ಮ ಗುಂಪಿಗೆ ಅವರೇ ಮುಖಂಡರು. ಹುಟ್ಟಿದ್ದು ಮುಳಬಾಗಿಲು, ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಸಿಟ್ಟು ಬಂದರೆ ತೆಲುಗು. ಒಂದು ದಿನ ಮೈದಾನದ ಮಧ್ಯೆ ನಿಂತು, "ಎಷ್ಟು ದಿನಾಂತ ಇದನ್ನೇ ಸುತ್ತೋದು? ರಾಜಸ್ಥಾನಕ್ಕೆ ಹೋಗೋಣ. ಒಂದಿನ ಮರಳಲ್ಲಿ ನಡಿಗೆ, ಒಂದಿನ ಸೈಕಲ್ಲು. ಟೆಂಟಲ್ಲಿ ಇರೋದು" ಎಂದರು. "ಒಣಗಿದ ನೆಲ ನೋಡೋಕೆ ಅಷ್ಟು ದೂರ ಹೋಗ್ಬೇಕಾ ಸರೋಜಕ್ಕ? ನಮ್ಮ ಕೆರೆಗೆ ಇಳಿದ್ರೆ ಸಾಲ್ದಾ?" ಎಂದೆ. ಎಲ್ಲರೂ ನಕ್ಕರು. ಆದರೆ ಸೈಕಲ್ಲು ಎಂಬ ಮಾತು ನನ್ನೊಳಗೆ ಕೂತುಬಿಟ್ಟಿತು.

ಯಾಕೆಂದರೆ ಯಲ್ದೂರಿನಲ್ಲಿ ನಾನು ಬೆಳೆಯುವಾಗ ಮನೆಯಲ್ಲಿ ಸೈಕಲ್ ಇತ್ತು, ಅದನ್ನು ಒರೆಸುವ ಕೆಲಸವೂ ನನಗೇ ಇತ್ತು, ಹತ್ತುವ ಭಾಗ್ಯ ಮಾತ್ರ ಅಣ್ಣಂದಿರದು. ಹೋದ ವರ್ಷ ಹಟ ಹಿಡಿದು, ಹುಡುಗರೆಲ್ಲ ಮನೆಗೆ ಹೋದ ಮೇಲೆ ಕಾಲೇಜಿನ ಮೈದಾನದಲ್ಲಿ ಬಿದ್ದೆದ್ದು ಕಲಿತೆ. ನಮ್ಮನೆಯವರು ಮಂಡಿಗೆ ಮುಲಾಮು ಹಚ್ಚುತ್ತಾ, "ಇದೇನೇ, ಮೊಮ್ಮಕ್ಕಳು ಕಲಿಯೋ ವಯಸ್ಸಲ್ಲಿ ನೀನು ಕಲೀತಿದ್ದೀಯ!" ಎಂದು ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಮರುಭೂಮಿಯ ನಡುವೆ ನಾನು ಸೈಕಲ್ ಹೊಡೆದುಕೊಂಡು ಹೋಗುವುದನ್ನು ಈ ಮನುಷ್ಯ ಕಣ್ಣಾರೆ ನೋಡಬೇಕು, ಆಮೇಲೆ ಬಾಯಿ ಮುಚ್ಚಬೇಕು ಎಂಬುದೊಂದೇ ನನ್ನ ಆಸೆ. ಅವರೂ ಹೊರಟರು. "ನಂಗೆ ಸೈಕಲ್ಲು ಬೇಡಪ್ಪ, ಹಿಂದೆ ಒಂಟೆಗಾಡಿ ಬರುತ್ತಂತೆ, ಅದೇ ಸಾಕು" ಎಂದರು.

ಮೊದಲ ದಿನದ ನಡಿಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮರಳಿನಲ್ಲಿ ಒಂದು ಹೆಜ್ಜೆ ಮುಂದಿಟ್ಟರೆ ಅರ್ಧ ಹೆಜ್ಜೆ ಹಿಂದೆ ಬರುತ್ತೇವೆಂದು ಯಾರೂ ಮೊದಲೇ ಹೇಳಿರಲಿಲ್ಲ. ಸಂಜೆ ಟೆಂಟಿಗೆ ಬಂದು, ನೀರು ಬರುವುದಿಲ್ಲವೆಂಬ ಧೈರ್ಯದಿಂದಲೇ ಬಚ್ಚಲಿನ ನಲ್ಲಿ ತಿರುಗಿಸಿದೆ. ಭರ್ ಎಂದು ನೀರು! ನಾನು ಹೆದರಿ ಹಿಂದಕ್ಕೆ ಹಾರಿದೆ. ಮರುಭೂಮಿಯಲ್ಲಿ ನಲ್ಲಿ! ಅಷ್ಟರಲ್ಲಿ ಪಕ್ಕದ ಟೆಂಟಿನಿಂದ ಸರೋಜಕ್ಕನ ಕೂಗು ಕೇಳಿತು: "ಅಯ್ಯೋ ದೇವುಡಾ, ನಲ್ಲಿ ಬಂತು ಕಣ್ರೇ! ನಲ್ಲಿ ಬಂತು!"

ನಮ್ಮ ಊರುಗಳಲ್ಲಿ ಈ ಮಾತಿಗಿರುವ ಶಕ್ತಿ ಹೊರಗಿನವರಿಗೆ ತಿಳಿಯದು. ವಾರಕ್ಕೊಮ್ಮೆಯೋ ಹತ್ತು ದಿನಕ್ಕೊಮ್ಮೆಯೋ ಈ ಕೂಗು ಎದ್ದರೆ ಪೂಜೆಗೆ ಕೂತವರೂ ಏಳುತ್ತಾರೆ, ಜಗಳವಾಡುತ್ತಿದ್ದವರೂ ಉಳಿದದ್ದನ್ನು ಆಮೇಲೆ ಆಡೋಣವೆಂದು ಓಡುತ್ತಾರೆ. ನಲ್ಲಿ ಬರುತ್ತದೆಂದು ಮದುವೆ ಊಟ ಬಿಟ್ಟು ಬಂದವರನ್ನು ನಾನೇ ಬಲ್ಲೆ.

ಸ್ವಲ್ಪ ಹೊತ್ತಿಗೆ ನಮ್ಮ ಗೈಡ್ ಓಡಿ ಬಂದ. ಮುಖದಲ್ಲಿ ರಕ್ತವೇ ಇರಲಿಲ್ಲ. ಮಧ್ಯಾಹ್ನ ತುಂಬಿಸಿದ ಟ್ಯಾಂಕು ಪೂರ್ತಿ ಖಾಲಿಯಂತೆ. ಇಲ್ಲಿಯವರೆಗೆ ಬಂದ ಯಾವ ಗುಂಪೂ ಹೀಗೆ ಮಾಡಿಲ್ಲವಂತೆ. ಮತ್ತೆ ಟ್ಯಾಂಕರ್ ಬರುವುದು ನಾಡಿದ್ದು. ಹೊತ್ತೊಯ್ಯಲು ನೀರಿಲ್ಲದೆ ಯಾರನ್ನೂ ಮರಳಿಗೆ ಇಳಿಸುವುದಿಲ್ಲ, ನಾಳೆ ಸೈಕಲ್ ಸವಾರಿ ಇಲ್ಲ ಎಂದು ತನ್ನ ಹಿಂದಿಯಲ್ಲಿ ಹೇಳಿದ.

ನನಗೆ ನಿಂತ ನೆಲವೇ ಕುಸಿದಂತಾಯಿತು. ಒಂದು ವರ್ಷ ಬಿದ್ದದ್ದು, ಎದ್ದದ್ದು, ಮುಲಾಮು ಹಚ್ಚಿಸಿಕೊಂಡದ್ದು ಎಲ್ಲ ಇದಕ್ಕಾ? ಎಲ್ಲಿತ್ತೋ ಆ ಸಿಟ್ಟು, ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ ಬಾಯಿಗೆ ಬಂದಂತೆ ಬೈದೆ. "ನಾಚ್ಕೆ ಆಗಲ್ವಾ ನಿಮ್ಗೆ? ಮರುಭೂಮಿಗೆ ಬಂದು ಕುಡಿಯೋ ನೀರನ್ನ ಬಾಚ್ಕೋತೀರಲ್ಲ! ಓದಿದೋರಾ ನೀವು?" ಎಲ್ಲರೂ ತಲೆ ತಗ್ಗಿಸಿದರು. ಗೈಡ್ ಜೊತೆ ನಾನೇ ಟೆಂಟಿನಿಂದ ಟೆಂಟಿಗೆ ಹೋಗಿ ತಪಾಸಣೆ ಮಾಡಿದೆ. ಎಲ್ಲ ಕಡೆ ಬಕೆಟ್ಟುಗಳು ತುಂಬಿ ತುಳುಕುತ್ತಿದ್ದವು. ಸರೋಜಕ್ಕ ಕಸದ ಬುಟ್ಟಿಯನ್ನೂ ತೊಳೆದು ತುಂಬಿಸಿದ್ದರು. "ಹೊಸದು ಕಣಮ್ಮ, ಕ್ಲೀನಾಗಿದೆ" ಎಂದರು.

ಕೊನೆಗೆ ನಮ್ಮ ಟೆಂಟು. ಬಾಗಿಲಲ್ಲಿ ನಮ್ಮನೆಯವರು ಕೈಕಟ್ಟಿ ನಿಂತಿದ್ದರು. ಒಳಗೆ ಎರಡು ಬಕೆಟ್ಟು, ಮಗ್ಗು, ಫ್ಲಾಸ್ಕು, ಮುದ್ದೆಗೆಂದು ತಂದಿದ್ದ ಕುಕ್ಕರು, ಬಟ್ಟೆ ನೆನೆಸುವ ಟಬ್ಬು, ಊಟದ ಕ್ಯಾರಿಯರಿನ ಒಂದೊಂದು ಡಬ್ಬಿ, ಎಲ್ಲ ಕಂಠಪೂರ್ತಿ. ಟೆಂಟಿನವರಿಟ್ಟಿದ್ದ ಹೂದಾನಿಯಲ್ಲೂ ನೀರು. ಹೂಗಳನ್ನು ಕಿತ್ತು ಮಂಚದ ಮೇಲೆ ಹಾಕಲಾಗಿತ್ತು.

"ರೀ, ಇದನ್ನೆಲ್ಲ ಯಾರು ಹಿಡಿದಿದ್ದು?" ಎಂದು ನಾನೇ ಕೇಳಿದೆ.

"ನೀನೇ ಕಣೇ. ಶೂ ಬಿಚ್ಚೋಕೂ ಮುಂಚೆ" ಎಂದರು.

ದೇವರಾಣೆ, ನನಗೆ ನೆನಪೇ ಇರಲಿಲ್ಲ. ನೀರು ಹಿಡಿಯುವುದನ್ನು ನಾವು ಯಾರು ನೆನಪಿಟ್ಟುಕೊಳ್ಳುತ್ತೇವೆ, ಉಸಿರಾಡಿದ್ದನ್ನು ನೆನಪಿಟ್ಟುಕೊಳ್ಳುತ್ತೇವೆಯೇ? ಸರೋಜಕ್ಕ ನನ್ನ ಹಿಂದೆಯೇ ಬಂದಿದ್ದರು. ಹೂದಾನಿ ನೋಡಿ, ನನ್ನ ಮುಖ ನೋಡಿ, "ಏಮಮ್ಮಾ, ಓದಿದೋಳೇ" ಎಂದಷ್ಟೇ ಹೇಳಿ ಹೊರಟುಹೋದರು.

ಗೈಡ್ ಮಾತ್ರ ಖುಷಿಯಾದ. ಒಂದು ಹನಿಯೂ ಪೋಲಾಗಿಲ್ಲವಲ್ಲ! ಬೆಳಿಗ್ಗೆ ಎಲ್ಲರ ನೀರನ್ನೂ ಒಟ್ಟುಮಾಡಿ, ಅಡುಗೆಗೆ ಬೇಕಾದಷ್ಟು ಉಳಿಸಿ, ಕುಡಿಯುವುದನ್ನು ಸೋಸಿ ಒಂಟೆಗಾಡಿಯಲ್ಲಿದ್ದ ಡ್ರಮ್ಮಿಗೆ ಸುರಿದರು. ಡ್ರಮ್ಮಿಗೆ ಸರಿಯಾದ ಮುಚ್ಚಳವಿರಲಿಲ್ಲ, ಒಂದು ತಟ್ಟೆ ಮುಚ್ಚಿ ನಮ್ಮನೆಯವರ ಕೈಯಲ್ಲಿ ಹಿಡಿಸಿದರು. ಸವಾರಿ ಹೊರಟಿತು. ನಾನು ಸೈಕಲ್ ಹತ್ತಿದೆ, ಬೀಳಲಿಲ್ಲ! ತಣ್ಣನೆ ಗಾಳಿ, ಗಟ್ಟಿ ಮರಳಿನ ದಾರಿ, ಎಷ್ಟೋ ವರ್ಷದ ಆಸೆ ಕಾಲ ಕೆಳಗೆ ತಿರುಗುತ್ತಿತ್ತು. ನೋಡಿದರಾ ಎಂದು ಜಂಭದಿಂದ ಹಿಂತಿರುಗಿದೆ. ಅದೇ ಹೊತ್ತಿಗೆ ಗಾಡಿ ಕುಲುಕಿತು, ನಮ್ಮನೆಯವರು ಕೈಬಿಟ್ಟಿದ್ದ ತಟ್ಟೆ ಜಾರಿತು, ಒಂದು ಚೊಂಬಿನಷ್ಟು ನೀರು ಮರಳಿಗೆ ಚೆಲ್ಲಿತು. ಅವರೋ ನನ್ನತ್ತ ನೋಡಿಕೊಂಡು ಚಪ್ಪಾಳೆ ತಟ್ಟುತ್ತಿದ್ದರು!

ನನ್ನ ಕೈಲಿ ನೋಡಲಾಗಲಿಲ್ಲ. ಸೈಕಲ್ ಅಲ್ಲೇ ಬಿಸಾಕಿ ಓಡಿದೆ. "ಕೊಡ್ರೀ ಇಲ್ಲಿ! ಒಂದು ತಟ್ಟೆ ಹಿಡಿಯೋಕೆ ಬರಲ್ವಾ ನಿಮ್ಗೆ?" ಎಂದು ಗಾಡಿ ಹತ್ತಿ ಡ್ರಮ್ಮನ್ನು ತಬ್ಬಿ ಕೂತೆ. ಅವರು ಇಳಿದು, ನನ್ನ ಸೈಕಲ್ ಎತ್ತಿ ಹತ್ತಿದರು.

ಮಧ್ಯಾಹ್ನದ ಹೊತ್ತಿಗೆ ಮುಖ ಕೆಂಪಗೆ ಮಾಡಿಕೊಂಡು, ಹುಡುಗನ ಹಾಗೆ ನಗುತ್ತಾ ಗಾಡಿಯ ಪಕ್ಕಕ್ಕೆ ಬಂದರು. "ಏನ್ ಮಜಾ ಕಣೇ ಇದು! ನೀನೂ ಹೊಡೀಬೇಕಿತ್ತು" ಎಂದು ಬಾಟಲಿ ಚಾಚಿದರು.

ನಾನು ತಟ್ಟೆ ಸರಿಸಿ ಅರ್ಧ ಬಾಟಲಿ ತುಂಬಿಸಿ ಕೊಟ್ಟೆ. "ಇಷ್ಟು ಸಾಕು, ಸಂಜೆಗೂ ಬೇಕಾಗುತ್ತೆ" ಎಂದೆ.